ಅಲೆವೂರಿನ ಆರು ಕುದುರೆಗಳು

೮ ನವೆಂಬರ್ ೧೯೮೧, ಭಾನುವಾರ

ಮೋತಿ ಇವತ್ತೂ ಎಡಕ್ಕೇ ಎಳೆಯಿತು. ಲಗಾಮು ಹಿಡಿದು ಬೆರಳ ಸಂದಿನಲ್ಲಿ ಬೊಕ್ಕೆ. ನಾಳೆ ಚಾಕ್ ಹಿಡಿಯುವುದು ಕಷ್ಟ. ಮೊದಲ ಪೀರಿಯಡ್ಡೇ ತ್ರಿಕೋನಮಿತಿ.

ಭಾನುವಾರವಾದ್ದರಿಂದ ಬ್ಯಾಂಡ್ ಬಂದಿತ್ತು. ಎಡ್ಮಂಡ್ ಮಾಸ್ತರರ ಮದುವೆ ಬ್ಯಾಂಡ್. ಅವರು ಬದುವಿನ ಮೇಲೆ ನಿಂತು ಬಾರಿಸುವುದು, ನಾವು ಕೊಯ್ಲಾದ ಗದ್ದೆಯಲ್ಲಿ ಸುತ್ತುವುದು. ಅಲೆವೂರಿನ ಅರ್ಧ ಜನ ಬಂದು ನೋಡುವುದು.

ಮುಗಿದ ಮೇಲೆ ಭೋಜ ಶೆಟ್ಟರು ಎಲ್ಲರನ್ನೂ ಕರೆದು ಹೇಳಿದರು. ಫೆಬ್ರವರಿ ಏಳು, ಕಾಪು ಕಡಲ ಬದಿ, ಅಲ್ಲಿನ ಒಂದು ಶಾಲೆಯ ಕಟ್ಟಡದ ಸಹಾಯಾರ್ಥ. ಬ್ಯಾಂಡಿನ ತಾಳಕ್ಕೆ ಆರು ಕುದುರೆಗಳ ಪ್ರದರ್ಶನ. ನಾವು ಹಳೆ ಕಾಲದ ಅರಸನ ಸವಾರರ ವೇಷದಲ್ಲಿ. ಕುದುರೆಗಳೆಲ್ಲ ಶೆಟ್ಟರವು. ಕಾರ್ಕಳದಲ್ಲಿ ಗೇರುಬೀಜದ ಫ್ಯಾಕ್ಟರಿ ಉಂಟು. ರೇಸಿನಿಂದ ಬಿಟ್ಟ ಕುದುರೆಗಳನ್ನು ತಂದು ಸಾಕುವ ಹುಚ್ಚೂ ಉಂಟು. ಆದ್ದರಿಂದ ಯಾರೂ ಇಲ್ಲ ಎನ್ನಲಿಲ್ಲ.

ಮೂರು ಜೋಡಿ. ಮುಂದೆ ರಿಸಾಲ್ದಾರರು ಮತ್ತು ನಾನು. ನಡುವೆ ಮಣಿಪಾಲದ ಡಾಕ್ಟರ್ ಇಮ್ಯಾನುಯೆಲ್ ಮತ್ತು ಕುಶಲಾ — ನಮ್ಮ ಕಾಲೇಜಿನದೇ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ. ಹಿಂದೆ ಬ್ಯಾಂಕಿನವರಿಬ್ಬರು.

ರಿಸಾಲ್ದಾರರ ಹೆಸರು ಭುಜಂಗ ಹೆಗ್ಡೆ. ಸೈನ್ಯದಿಂದ ಊರಿಗೆ ಬಂದು ವರ್ಷಗಳಾದವು. ಎದುರಿಗೆ ಹೆಗ್ಡೆಯವರೆ ಎನ್ನುತ್ತೇವೆ, ಹಿಂದಿನಿಂದ ಎಲ್ಲರಿಗೂ ಆ ಸೈನ್ಯದ ಹುದ್ದೆಯ ಹೆಸರೇ. ನಮಗೆಲ್ಲ ಕುದುರೆ ಹತ್ತಲು ಕಲಿಸಿದವರು ಅವರೇ. ಮಾತು ಕಮ್ಮಿ. ಶೆಟ್ಟರು ಪ್ರದರ್ಶನದ ಸುದ್ದಿ ಹೇಳುವಾಗಲೂ ಸುಲ್ತಾನನ ಗೊರಸು ಎತ್ತಿ ನೋಡುತ್ತಿದ್ದರು. ಅದು ಅವರ ಕುದುರೆ — ಅಂದರೆ ಶೆಟ್ಟರದ್ದು, ಆದರೆ ಬೇರೆಯವರು ಹತ್ತುವುದಿಲ್ಲ.

೧೧ ನವೆಂಬರ್, ಬುಧವಾರ

ವಾರದ ದಿನ ಬ್ಯಾಂಡ್ ಇಲ್ಲ. ಶೆಟ್ಟರ ಜೀಪಿನ ಬಾನೆಟ್ ಮೇಲೆ ಟೇಪ್ ರೆಕಾರ್ಡರ್. ಎಡ್ಮಂಡ್ ಮಾಸ್ತರರದ್ದೇ ಬ್ಯಾಂಡ್ ರೆಕಾರ್ಡ್ ಮಾಡಿದ ಕ್ಯಾಸೆಟ್.

ನಡಿಗೆಯಿಂದ ಟ್ರಾಟಿಗೆ, ಸಣ್ಣ ಓಟಕ್ಕೆ, ಹೋಗುವಲ್ಲಿ ರಿಸಾಲ್ದಾರರು ತಡ ಮಾಡಿದರು. ಬ್ಯಾಂಡಿನ ಪದ, ಅಂದರೆ ಟ್ಯೂನ್, ಬದಲಾಗಿ ಅರ್ಧ ಸುತ್ತು ಕಳೆದರೂ ಅವರದ್ದು ನಡಿಗೆಯೇ. ನಾನೂ ಕಾದೆ, ಮುಂದಿನ ಜೋಡಿಯಲ್ಲಿ ಒಬ್ಬರು ಮೊದಲು ಹೋಗಬಾರದು. ಹಿಂದೆ ಡಾಕ್ಟರರ ಕುದುರೆ ನನ್ನ ಮೋತಿಯ ಬಾಲಕ್ಕೆ ಮೂಗು ತಾಗಿಸಿತು.

ಆಮೇಲೆ ರಿಸಾಲ್ದಾರರು ಸುಲ್ತಾನನಿಗೆ ಬೈದರು. ಅವರು ಕುದುರೆಗೆ ಬೈದದ್ದನ್ನು ಎರಡು ವರ್ಷದಲ್ಲಿ ಕೇಳಿಲ್ಲ.

೨೨ ನವೆಂಬರ್, ಭಾನುವಾರ

ಈ ಎರಡು ವಾರ ಗಮನಿಸಿದ್ದು: ಭಾನುವಾರ ಎಲ್ಲ ಸರಿ. ವಾರದ ದಿನ ತಪ್ಪು.

ಇವತ್ತು ಭಾನುವಾರ. ಒಂದೇ ಒಂದು ತಪ್ಪಿಲ್ಲ. ರಿಸಾಲ್ದಾರರು ತಿರುವಿನಲ್ಲೆಲ್ಲ ಎಡ್ಮಂಡ್ ಮಾಸ್ತರರ ಕೈ ನೋಡುತ್ತಾರೆ. ಪದ ಬದಲಿಸುವ ಮೊದಲು ಮಾಸ್ತರರು ಕೋಲನ್ನು ತಲೆಯ ಮೇಲೆ ಎತ್ತುತ್ತಾರಲ್ಲ, ಅದನ್ನು. ಟೇಪ್ ರೆಕಾರ್ಡರಿಗೆ ಕೈ ಇಲ್ಲ.

೨೬ ನವೆಂಬರ್, ಗುರುವಾರ

ಪ್ರಾಕ್ಟೀಸಿಗೆ ಮೊದಲು ರಿಸಾಲ್ದಾರರು ಜೀನು ಕಟ್ಟುತ್ತಿದ್ದರು. ಹಿಂದಿನಿಂದ ಹೋಗಿ, "ಹೆಗ್ಡೆಯವರೆ, ಪಟ್ಟಿ ಸಡಿಲ ಉಂಟು" ಎಂದೆ. ಸಡಿಲ ಇರಲಿಲ್ಲ. ತಿರುಗಲಿಲ್ಲ. ಸ್ವಲ್ಪ ಜೋರಾಗಿ ಹೇಳಿದೆ. ಸುಲ್ತಾನನ ಕಿವಿ ನನ್ನ ಕಡೆ ತಿರುಗಿತು. ಆಗ ಅವರೂ ತಿರುಗಿದರು.

"ಎಂತ, ಟೀಚರ್?"

ಮತ್ತೆ ತುಳುವಿನಲ್ಲಿ ಹೇಳಿದೆ. ತುಟಿಯನ್ನೇ ನೋಡುತ್ತಿದ್ದರು. ತುಳುವಾದರೆ ಒಂದೂ ತಪ್ಪದೆ ಉತ್ತರ. ಕನ್ನಡವಾದರೆ ಕೆಲವೊಮ್ಮೆ ಬೇರೆಯೇ ಉತ್ತರ. ಡಾಕ್ಟರರ ಇಂಗ್ಲಿಷಿಗೆ ಬರೀ ತಲೆಯಾಡಿಸುವುದು. ಇಷ್ಟು ದಿನ ಅದನ್ನು ಗಾಂಭೀರ್ಯ ಎಂದುಕೊಂಡಿದ್ದೆವು.

ಸಂಜೆ ಕ್ಯಾಸೆಟ್ ಹಾಕಿದಾಗ, ಪದ ಬದಲಾಗುವ ಹೊತ್ತಿಗೆ ನನ್ನ ಬಲಗೈಯ ಬೆರಳುಗಳನ್ನು ಲಗಾಮಿನಿಂದ ಎತ್ತಿದೆ, ಅವರ ಕಣ್ಣಿಗೆ ಬೀಳುವಷ್ಟು. ತಕ್ಷಣ ಟ್ರಾಟ್. ಮುಂದಿನದಕ್ಕೂ ಹಾಗೇ. ಅವರು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಇಳಿದ ಮೇಲೆ ಮೋತಿಗೆ ಬೆಲ್ಲ ಕೊಟ್ಟು ಹೋದರು. ಯಾವಾಗಲೂ ಸುಲ್ತಾನನಿಗೆ ಮಾತ್ರ ಕೊಡುವುದು.

೧೧ ಡಿಸೆಂಬರ್, ಶುಕ್ರವಾರ

ಬರೆಯಲು ಏನಿಲ್ಲ ಎಂದು ಬಿಟ್ಟದ್ದು. ಎಲ್ಲ ಸರಿಯಾಗಿ ನಡೆಯುತ್ತಿದೆ. 'ಜಡೆ' ಕೂಡ ಬಂತು. ಎರಡು ಸಾಲು ಎದುರುಬದುರು ಬಂದು, ಒಂದರ ಸಂದಿನಲ್ಲಿ ಒಂದು ಹೆಣೆದು ಹೋಗುವುದು, ಟ್ರಾಟಿನಲ್ಲಿ. ಮೊಣಕಾಲಿಗೆ ಮೊಣಕಾಲು ಉಜ್ಜುವಷ್ಟು ಹತ್ತಿರ. ಹೆಸರು ಇಟ್ಟದ್ದು ಕುಶಲಾ.

ಕಡಿಯಾಳಿಯ ನಮ್ಮ ಮನೆಯಲ್ಲಿ ವಿಷಯ ಗೊತ್ತಾಯಿತು. ಅಂದರೆ ಕುದುರೆ ಮೊದಲೇ ಗೊತ್ತು, ವೇಷದ್ದು ಈಗ. ಅತ್ತಿಗೆ ತರಕಾರಿ ಹೆಚ್ಚುತ್ತಾ ಹೇಳಿದರು: "ನಿನ್ನ ಸ್ಟೂಡೆಂಟ್ಸ್ ಎಲ್ಲ ಬರುತ್ತಾರಲ್ಲ ನಳಿನಾಕ್ಷಿ, ನೋಡಲಿಕ್ಕೆ?"

"ಬರಬಹುದು."

"ಮಾರನೇ ದಿನ ಪಾಠ ಹೇಗೆ ಮಾಡುವುದು?"

"ಯಾವಾಗಿನ ಹಾಗೆ."

ಅಣ್ಣ ಹೃಷೀಕೇಶ ಪೇಪರಿನಿಂದ ತಲೆ ಎತ್ತಲಿಲ್ಲ. ಮೂವತ್ತಾರು ವರ್ಷದ ತಂಗಿಗೆ ಹೇಳುವಂಥದ್ದೇನೂ ಅವನ ಹತ್ತಿರ ಉಳಿದಿಲ್ಲ.

೨೦ ಡಿಸೆಂಬರ್, ಭಾನುವಾರ

ಡಾಕ್ಟರ್ ಇಮ್ಯಾನುಯೆಲ್ ಪಂಪಿನ ಹತ್ತಿರ ಕೈ ತೊಳೆಯುತ್ತಾ ಕೇಳಿದರು: "ಮೇಡಂ, ನೀವು ಆಗಾಗ ಬೆರಳು ಎತ್ತುವುದು ಯಾಕೆ?"

"ಬೆರಳು ಮರಗಟ್ಟುತ್ತದೆ."

"ಪದ ಬದಲಾಗುವಾಗ ಮಾತ್ರ ಮರಗಟ್ಟುತ್ತದಾ?"

ಅವರು ಟವೆಲ್ ಮಡಚಿದರು. "ನಾನು ನಿಮ್ಮ ಹಿಂದೆಯೇ ಇರುವವನು. ಇದು ಮದುವೆ ಮೆರವಣಿಗೆ ಅಲ್ಲ. ಯಾರಾದರೂ ಕೂಗಿದರೆ ರಿಸಾಲ್ದಾರರಿಗೆ ಕೇಳಬೇಕು. ಇಷ್ಟೇ ಹೇಳುವುದು."

ಕೆಟ್ಟ ಮನುಷ್ಯ ಅಲ್ಲ. ಅವರು ಹೇಳಿದ್ದರಲ್ಲಿ ತಪ್ಪೂ ಇಲ್ಲ. ನಾಳೆ ಹೆಗ್ಡೆಯವರ ಹತ್ತಿರ ಮಾತಾಡಬೇಕು.

೨೭ ಡಿಸೆಂಬರ್, ಭಾನುವಾರ

ಮಾತಾಡಲಿಲ್ಲ. ಒಂದು ವಾರ ಹೋಯಿತು.

ಇವತ್ತು ಜಡೆಯ ನಡುವೆ ಕುಶಲಾಳ ಜೀನು ಜಾರಿತು. ಪಟ್ಟಿಯ ಬಕ್ಕಲ್ ಬಿಟ್ಟಿತ್ತು. ಡಾಕ್ಟರ್ "ಹಾಲ್ಟ್" ಎಂದು ಕೂಗಿದರು. ನಾವೆಲ್ಲ ನಿಂತೆವು. ರಿಸಾಲ್ದಾರರಿಗೆ ಅವಳು ಕಾಣುವಂತಿರಲಿಲ್ಲ, ನಡುವೆ ನನ್ನ ಮೋತಿ. ಅವರು ತಿರುವು ಹಾಕಿ ನೇರ ಬಂದರು. ಕುಶಲಾ ಆಗಲೇ ನೆಲದಲ್ಲಿದ್ದಳು.

ಸುಲ್ತಾನ ಹಾರಿದ. ಕುದುರೆ ತಾನಾಗಿ ಹಾರಿದ್ದು, ಸವಾರ ಹಾರಿಸಿದ್ದಲ್ಲ. ಹಿಂಗಾಲಿನ ಗೊರಸು ಅವಳ ಕೈಯನ್ನು ಸವರಿಕೊಂಡು ಹೋಯಿತು. ಮೂರು ಬೆರಳ ಚರ್ಮ. ಮೂಳೆಗೆ ಏನೂ ಆಗಿಲ್ಲ ಎಂದರು ಡಾಕ್ಟರ್, ಎರಡೆರಡು ಸಲ ಒತ್ತಿ ನೋಡಿ.

ಕುಶಲಾ ಅಳಲಿಲ್ಲ. "ನಂದೇ ತಪ್ಪು, ಬಕ್ಕಲ್ ನೋಡಿರಲಿಲ್ಲ" ಎನ್ನುತ್ತಿದ್ದಳು. ಯಾರೂ ಅವಳ ಮಾತು ಕೇಳುತ್ತಿರಲಿಲ್ಲ. ಎಲ್ಲರೂ ರಿಸಾಲ್ದಾರರನ್ನು ನೋಡುತ್ತಿದ್ದರು. ಅವರು ನನ್ನನ್ನು.

"ಕೂಗಿದರಾ?" ಎಂದು ತುಳುವಿನಲ್ಲಿ ಕೇಳಿದರು.

ಹೌದು ಎಂದೆ.

೨೮ ಡಿಸೆಂಬರ್, ಸೋಮವಾರ, ಸಂಜೆ

ಶೆಟ್ಟರು ಕಾರ್ಕಳದಿಂದ ಬಂದರು. ಗದ್ದೆಯ ಬದುವಿನಲ್ಲೇ ಮೀಟಿಂಗ್. ಡಾಕ್ಟರ್ ಮಾತು ತೆಗೆಯುವ ಮೊದಲೇ ರಿಸಾಲ್ದಾರರು ಎದ್ದು ನಿಂತರು.

"ಕಿವಿ ಇಲ್ಲ ನನಗೆ. ತೋಪು ಹೊರುವ ಹೇಸರಗತ್ತೆಗಳ ಜೊತೆ ಆರು ವರ್ಷ ಇದ್ದೆ. ಅಲ್ಲಿ ಹೋಗಲಿಕ್ಕೆ ಶುರುವಾದದ್ದು. ಈಗ ಪೂರ್ತಿ ಹೋಗಿದೆ. ಕುದುರೆಯ ಕಿವಿ ನೋಡಿ ನನಗೆ ಗೊತ್ತಾಗುತ್ತದೆ. ಬೇಕಾದರೆ ಪರೀಕ್ಷೆ ಮಾಡಿ."

ಶೆಟ್ಟರು, "ಅದೆಲ್ಲ ಎಂತಕ್ಕೆ ಹೆಗ್ಡೆಯವರೆ" ಎಂದರು. ಅವರು ಶೆಟ್ಟರ ಬಾಯಿ ನೋಡುತ್ತಿರಲಿಲ್ಲ. ಆಗಲೇ ಸುಲ್ತಾನನನ್ನು ಹತ್ತಿದ್ದರು.

ಡಾಕ್ಟರ್ ಹಿಂದೆ ನಿಂತು ಕೂಗುವುದು, ಅವರು ನಿಲ್ಲಿಸುವುದು. ಮೊದಲ ಸಲ — ಕೂಗಿದ್ದೇ ಸುಲ್ತಾನನ ಕಿವಿ ಹಿಂದಕ್ಕೆ ಹೋಯಿತು, ನಿಂತರು. ಎರಡನೆಯ ಸಲ ಟ್ರಾಟಿನಲ್ಲಿ. ನಿಂತರು. ಬ್ಯಾಂಕಿನವರಲ್ಲಿ ಒಬ್ಬರು ಚಪ್ಪಾಳೆ ತಟ್ಟಿ ಸುಮ್ಮನಾದರು.

ಮೂರನೆಯ ಸಲ ಆಚೆ ರಸ್ತೆಯಲ್ಲಿ ಬಸ್ಸು ಹೋಯಿತು. ಸುಲ್ತಾನ ಬಸ್ಸಿನ ಕಡೆಗೆ ಕಿವಿ ಇಟ್ಟಿದ್ದ. ಡಾಕ್ಟರ್ ಕೂಗಿದರು. ಮತ್ತೊಮ್ಮೆ ಕೂಗಿದರು. ಅವರು ಹೋಗುತ್ತಲೇ ಇದ್ದರು. ಗದ್ದೆಯ ಕೊನೆವರೆಗೆ ಹೋಗಿ, ತಿರುಗಿ, ನಮ್ಮ ಮುಖಗಳನ್ನು ನೋಡಿದರು.

ನಡಿಗೆಯಲ್ಲಿ ವಾಪಸ್ ಬಂದರು. ಇಳಿದರು. ಲಗಾಮನ್ನು ನನ್ನ ಕೈಗೆ ಕೊಟ್ಟರು.

"ಬಲಕ್ಕೆ ತಿರುಗಿಸುವಾಗ ಇವನಿಗೆ ಸ್ವಲ್ಪ ಸಮಯ ಕೊಡಬೇಕು" ಎಂದರು. ಅಷ್ಟೇ. ಸೈಕಲ್ ಹತ್ತಿ ಹೋದರು. ಡಾಕ್ಟರ್ ಬೆನ್ನು ತಿರುಗಿಸಿ ನಿಂತಿದ್ದರು.

೩೧ ಡಿಸೆಂಬರ್, ಗುರುವಾರ

ಸುಲ್ತಾನನ ಮೇಲೆ ನೀವೇ ಕೂರಬೇಕು, ಮುಂದಾಳು ನೀವೇ ಎಂದರು ಶೆಟ್ಟರು. ಮೋತಿಯ ಮೇಲೆ ಅವರು. ಶೆಟ್ಟರ ಸವಾರಿ ನೋಡುವಂತಿಲ್ಲ, ಆದರೆ ಬೇರೆ ಜನ ಇಲ್ಲ.

ಬೇಡ ಎನ್ನುವುದು ಮರ್ಯಾದೆ. ಎನ್ನಲಿಲ್ಲ. ನನಗೆ ಬೇಕಿತ್ತು.

ರೊಸಾರಿಯೊ ಟೈಲರ್ ಅಳತೆಗೆ ಕರೆದಿದ್ದರು. ಮುಂದಾಳಿನ ನಿಲುವಂಗಿ ರಿಸಾಲ್ದಾರರ ಅಳತೆಗೆ ಹೊಲಿದಾಗಿತ್ತು. ಕೆಂಪು ಮಕಮಲ್ಲು, ಜರಿ ಅಂಚು. ನನ್ನ ಮೇಲೆ ಹಾಕಿ ಪಿನ್ನು ಚುಚ್ಚುತ್ತಾ ಹೋದರು. ಭುಜದಲ್ಲೇ ಒಂದು ಗೇಣು ಹೆಚ್ಚು.

"ಮೀಸೆ ಎಂತ ಮಾಡುವುದು ಮೇಡಂ?" ಪೆಟ್ಟಿಗೆಯಲ್ಲಿ ಅಂಟಿಸುವ ಮೀಸೆಯೂ ಇತ್ತು.

"ನೀವೇ ಇಟ್ಟುಕೊಳ್ಳಿ" ಎಂದೆ. ಬಹಳ ಹೊತ್ತು ನಕ್ಕರು.

೧೦ ಜನವರಿ ೧೯೮೨, ಭಾನುವಾರ

ನಾನು ಮುಂದಾಳಾದರೆ ತಂಡ ಹೀಗೆ: ಮೊದಲ ಸುತ್ತಿನಲ್ಲೇ ಹರಕು ಸಾಲು. ಸುಲ್ತಾನ ನನ್ನ ಮಾತು ಕೇಳುತ್ತಾನೆ, ಆದರೆ ಬೇಕಾದಾಗ ಮಾತ್ರ. ಶೆಟ್ಟರು ಮೋತಿಯ ಕುತ್ತಿಗೆ ಹಿಡಿದುಕೊಂಡೇ ಜಡೆಯಲ್ಲಿ ಹಾದುಹೋದರು. ಕುಶಲಾ ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಳು, ಎಲ್ಲರಿಗಿಂತ ಚೆನ್ನಾಗಿ ಓಡಿಸಿದಳು.

ಅರ್ಧ ಪ್ರಾಕ್ಟೀಸಿಗೆ ರಿಸಾಲ್ದಾರರು ಬಂದರು. ಅಂದಿನಿಂದ ಬಂದೇ ಇರಲಿಲ್ಲ. ಸೈಕಲ್ ಒರಗಿಸಿ, ಗದ್ದೆಯ ನಡುವೆ ಬಂದು ನಿಂತರು. ಕೈಯಲ್ಲಿ ಒಂದು ಕೋಲು. ನಾನು ತಿರುಗುವ ಜಾಗದಲ್ಲಿ ನೆಲಕ್ಕೆ ಗೀರು ಎಳೆದರು. ಅಲ್ಲೇ ತಿರುಗಿದೆ. ಸಾಲು ಕೂಡಿತು.

ಮುಗಿದ ಮೇಲೆ ಡಾಕ್ಟರ್ ಅವರ ಎದುರು ಹೋಗಿ ನಿಂತು, ನಿಧಾನವಾಗಿ, ತುಟಿ ಅಗಲಿಸಿ, ತಪ್ಪು ತಪ್ಪು ತುಳುವಿನಲ್ಲಿ ಏನೋ ಹೇಳಿದರು. ಕೇರಳದವರು, ಯಾರ ಹತ್ತಿರ ಕಲಿತರೋ. ರಿಸಾಲ್ದಾರರು ಒಂದು ಶಬ್ದ ತಿದ್ದಿದರು. ಡಾಕ್ಟರ್ ಮತ್ತೆ ಹೇಳಿದರು.

೨೧ ಜನವರಿ, ಗುರುವಾರ

ಕೃಷ್ಣ ಮಠದ ಪರ್ಯಾಯೋತ್ಸವ ಮುಗಿಯಿತು. ಹತ್ತು ದಿನ ಮನೆ ತುಂಬ ನೆಂಟರು, ಬಚ್ಚಲಿಗೆ ಸಾಲು. ಅಲೆವೂರಿಗೆ ಹೋಗಲು ಆಗಲೇ ಇಲ್ಲ. ಬೇರೆಯವರದ್ದೂ ಅದೇ ಕಥೆ. ಕುದುರೆಗಳು ನಿಂತಲ್ಲೇ ನಿಂತು ಕೊಬ್ಬಿರುತ್ತವೆ ಎಂದುಕೊಂಡು ಹೋದರೆ, ಆರಕ್ಕೆ ಆರೂ ಹದವಾಗಿದ್ದವು. ರಿಸಾಲ್ದಾರರು ದಿನಾ ಒಂದೊಂದನ್ನೇ ಹತ್ತಿ ಓಡಿಸಿದ್ದಾರೆ. ಒಬ್ಬರೇ.

ನನ್ನ ಜೊತೆ ಮಾತು ಇನ್ನೂ ಇಲ್ಲ. ಕೋಲಿನಲ್ಲಿ ಮಾತ್ರ.

೩೧ ಜನವರಿ, ಭಾನುವಾರ

ಕಾಪುವಿನಲ್ಲಿ ಮೊದಲ ಪ್ರಾಕ್ಟೀಸ್. ಲಾರಿಯಿಂದ ಇಳಿದ ಕುದುರೆಗಳು ಸಮುದ್ರ ನೋಡಿ ಮೂಗರಳಿಸಿದವು. ಮರಳು ನೀರಿನ ಹತ್ತಿರ ಗಟ್ಟಿ, ಮೇಲೆ ಮೆದು. ಮೆದು ಮರಳಿನಲ್ಲಿ ಹೆಜ್ಜೆ ಹೂಳುತ್ತದೆ, ಟ್ರಾಟ್ ನಿಧಾನವಾಗುತ್ತದೆ. ಬ್ಯಾಂಡ್ ಮಾತ್ರ ಗದ್ದೆಯ ವೇಗದಲ್ಲೇ. ಹಿಡಿಯಲು ಹೋದರೆ ಕುದುರೆ ಕ್ಯಾಂಟರಿಗೆ, ನೆಗೆಯುವ ಓಟಕ್ಕೆ, ಹಾರುತ್ತದೆ. ಮೂರು ಸಲ ಕೆಟ್ಟಿತು.

ಎಡ್ಮಂಡ್ ಮಾಸ್ತರರು ಬೆವರು ಒರೆಸಿಕೊಂಡರು. "ಪದಕ್ಕೆ ಒಂದು ವೇಗ ಉಂಟು ಮಾರಾಯ್ರೆ. ಅದಕ್ಕಿಂತ ಎಳೆದರೆ ಸಾವಿನ ಮನೆಯ ಪದ ಆಗುತ್ತದೆ."

"ಕುದುರೆಗೂ ಒಂದು ವೇಗ ಉಂಟಲ್ಲ" ಎಂದರು ಶೆಟ್ಟರು.

"ಹಾಗಾದರೆ ಕುದುರೆಗೆ ಹೇಳಿ."

ರಿಸಾಲ್ದಾರರು ಇಬ್ಬರ ಬಾಯಿಯನ್ನೂ ನೋಡುತ್ತಿದ್ದರು. ಆಮೇಲೆ ಹೋಗಿ ದೊಡ್ಡ ಡ್ರಮ್ಮಿನ ಮೇಲೆ ಅಂಗೈ ಇಟ್ಟು ನಿಂತರು. ಡ್ರಮ್ಮಿನ ಜೇಮ್ಸ್‌ಗೆ ಏನೆಂದು ಅರ್ಥವಾಗಲಿಲ್ಲ. ಸುಮ್ಮನೆ ಒಂದು ಪೆಟ್ಟು ಹಾಕಿದ. ಅವರು ಕೈ ತೆಗೆಯಲಿಲ್ಲ.

೭ ಫೆಬ್ರವರಿ, ಭಾನುವಾರ, ಬೆಳಿಗ್ಗೆ

ಅತ್ತಿಗೆ ಬೇಗ ಎದ್ದು ನನ್ನ ಜಡೆ ಹೆಣೆದು ಮಲ್ಲಿಗೆ ಮುಡಿಸಿದರು. ಪೇಟದೊಳಗೆ ಕಾಣುವುದಿಲ್ಲ ಎಂದೆ. "ಕಾಣದಿದ್ದರೆ ಎಂತ?" ಎಂದರು. ಅವರೂ ಬರುತ್ತಾರಂತೆ. ಅಣ್ಣನೂ.

ಇಡ್ಲಿ ತಿನ್ನಲಿಲ್ಲ.

೮ ಫೆಬ್ರವರಿ, ಸೋಮವಾರ, ಸ್ಟಾಫ್ ರೂಮ್

ನಿನ್ನೆಯದ್ದು ಕ್ರಮವಾಗಿ ಬರೆಯಬೇಕು.

ಸಮುದ್ರ ಇಳಿತದ ಹೊತ್ತು, ಮರಳು ಅಗಲವಾಗಿತ್ತು. ಜನ ಹಗ್ಗದ ಹಿಂದೆ, ಬಂಡೆಗಳ ಮೇಲೆ. ಗಾಳಿ ಸಮುದ್ರದಿಂದ. ನಡಿಗೆಯ ಸುತ್ತು ಮುಗಿಯುವವರೆಗೆ ಎಲ್ಲ ಸರಿ. ಕೆಂಪು ನಿಲುವಂಗಿ ಗಾಳಿಗೆ ಉಬ್ಬಿ ಸುಲ್ತಾನನ ಬೆನ್ನಿಗೆ ಬಡಿಯುತ್ತಿತ್ತು, ಅವನು ಲೆಕ್ಕಿಸಲಿಲ್ಲ.

ಟ್ರಾಟಿಗೆ ಹೋದೆವು. ಬ್ಯಾಂಡ್ ಮತ್ತೆ ಮುಂದೆ ಓಡಿತು. ಜನ ಶಿಳ್ಳೆ ಹಾಕಿದಷ್ಟೂ ಎಡ್ಮಂಡ್ ಮಾಸ್ತರರ ಹುಡುಗರಿಗೆ ಹುರುಪು. ಶೆಟ್ಟರ ಮೋತಿ ನನ್ನ ಪಕ್ಕದಲ್ಲಿ ಕುಣಿಯಲು ಶುರು ಮಾಡಿತು. ಹಿಂದೆ ಡಾಕ್ಟರ್, "ಹೋಲ್ಡ್, ಹೋಲ್ಡ್" ಎನ್ನುತ್ತಿದ್ದರು. ಮುಂದಿನದು ಜಡೆ. ಈ ವೇಗದಲ್ಲಿ ಜಡೆಗೆ ಹೋದರೆ ಯಾರಾದರೂ ಬೀಳುವುದು ಖಂಡಿತ. ಬಿಟ್ಟುಬಿಡೋಣ, ನೇರ ಸೆಲ್ಯೂಟಿಗೆ ಹೋಗೋಣ ಎಂದು ತೀರ್ಮಾನಿಸಿ ಆಗಿತ್ತು. ಕೈ ಎತ್ತಬೇಕು, ಅಷ್ಟೇ ಬಾಕಿ.

ಆಗ ಡ್ರಮ್ಮು ಬೇರೆಯಾಯಿತು. ಉಳಿದದ್ದೆಲ್ಲ ಓಡುತ್ತಿದೆ, ಡ್ರಮ್ಮು ಮಾತ್ರ ನಿಧಾನ. ಬ್ಯಾಂಡಿನ ಎದುರು ಹಾದಾಗ ನೋಡಿದೆ. ಜೇಮ್ಸ್ ಪಕ್ಕದಲ್ಲಿ ನಿಂತಿದ್ದಾನೆ. ಡ್ರಮ್ಮು ರಿಸಾಲ್ದಾರರ ಎದೆಯ ಮೇಲೆ, ಬಡಿಗೆ ಅವರ ಕೈಯಲ್ಲಿ. ಕಣ್ಣು ನಮ್ಮ ಮೇಲಲ್ಲ. ಸುಲ್ತಾನನ ಮುಂಗಾಲಿನ ಮೇಲೆ. ಅವನ ಕಾಲು ನೆಲ ಮುಟ್ಟುವಾಗಲೆಲ್ಲ ಒಂದು ಪೆಟ್ಟು.

ಎಡ್ಮಂಡ್ ಮಾಸ್ತರರು ಅವರ ಕಡೆಗೆ ತಿರುಗಿ ಕೂಗಿದ್ದು ಕಂಡಿತು. ಕೂಗಿ ಪ್ರಯೋಜನ ಇಲ್ಲ ಎಂದು ಅವರಿಗೆ ಆ ಗಳಿಗೆಯಲ್ಲಿ ನೆನಪಾಯಿತೋ ಏನೋ. ಕೋಲು ಗಾಳಿಯಲ್ಲೇ ನಿಂತಿತು. ಮತ್ತೆ ಬೀಸಿದಾಗ ಡ್ರಮ್ಮಿನ ಜೊತೆ ಬೀಸಿದರು. ಒಂದೊಂದೇ ವಾದ್ಯ ಹಿಂದೆ ಬಂದು ಕೂಡಿಕೊಂಡಿತು.

ಜಡೆಗೆ ಹೋದೆವು.

ಶೆಟ್ಟರು ಕುತ್ತಿಗೆ ಹಿಡಿಯಲಿಲ್ಲ. ಕುಶಲಾ ಎದುರಿನಿಂದ ಹಾದುಹೋಗುವಾಗ ನಗುತ್ತಿದ್ದಳು. ಮೂರು ಸುತ್ತು ಹೆಣೆದು ಬಿಚ್ಚಿದೆವು. ಕ್ಯಾಂಟರಿನಲ್ಲಿ ಬ್ಯಾಂಕಿನವರೊಬ್ಬರ ಪೇಟ ಹಾರಿ ನೀರಿಗೆ ಬಿತ್ತು, ಜನರಿಗೆ ಅದೇ ಹೆಚ್ಚು ಇಷ್ಟವಾಯಿತು. ಸೆಲ್ಯೂಟ್ ಕೊಡಬೇಕಾದದ್ದು ಅತಿಥಿಗಳಿಗೆ, ವೇದಿಕೆಯ ಕಡೆಗೆ. ನಾನು ಸುಲ್ತಾನನನ್ನು ಬ್ಯಾಂಡಿನ ಕಡೆಗೆ ತಿರುಗಿಸಿದೆ. ಹಿಂದಿನವರೆಲ್ಲ ತಿರುಗಿದರು. ಯಾಕೆಂದು ಶೆಟ್ಟರು ಆಮೇಲೆ ಕೇಳಿದರು. ದಾರಿ ತಪ್ಪಿತು ಎಂದೆ.

ರಿಸಾಲ್ದಾರರು ಬಡಿಗೆಯನ್ನು ಜೇಮ್ಸ್‌ಗೆ ಕೊಟ್ಟು ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು.

ಇವತ್ತು ಮೊದಲ ಪೀರಿಯಡ್. ಒಳಗೆ ಹೋದಾಗ ಇಡೀ ಕ್ಲಾಸ್ ಎದ್ದು ನಿಂತಿತು. ಯಾವಾಗಲೂ ನಿಲ್ಲುತ್ತಾರೆ. ಇವತ್ತು ಕೂರಲು ಸ್ವಲ್ಪ ತಡ ಮಾಡಿದರು.

೨೧ ಫೆಬ್ರವರಿ, ಭಾನುವಾರ

ಅಲೆವೂರಿಗೆ ಹೋದೆ. ಪ್ರಾಕ್ಟೀಸ್ ಇಲ್ಲ, ಸುಮ್ಮನೆ. ರಿಸಾಲ್ದಾರರು ಸುಲ್ತಾನನಿಗೆ ಮೈ ತಿಕ್ಕುತ್ತಿದ್ದರು. ನಾನೂ ಒಂದು ಬ್ರಷ್ ತೆಗೆದುಕೊಂಡೆ. ಕುದುರೆಯ ಬೆನ್ನಿನ ಆಚೆ ಅವರು, ಈಚೆ ನಾನು. ಮುಖ ಕಾಣುತ್ತಿತ್ತು.

"ನೀವು ಮೊದಲೇ ಶೆಟ್ಟರಿಗೆ ಹೇಳಬಹುದಿತ್ತು, ನನ್ನ ವಿಷಯ" ಎಂದರು.

"ಹೌದು."

"ಹೇಳಿದ್ದರೆ ಆ ಹುಡುಗಿಗೆ ಪೆಟ್ಟಾಗುತ್ತಿರಲಿಲ್ಲ."

"ಜೀನು ಜಾರಿದ್ದು."

"ಬಿದ್ದ ಮೇಲಿನ ಮಾತು ಹೇಳುವುದು ನಾನು." ಸ್ವಲ್ಪ ಹೊತ್ತು ಮೈ ತಿಕ್ಕಿದರು. "ನಾನೂ ಹೇಳಬಹುದಿತ್ತು."

ನೀರು ತಂದು ಸುರಿದೆವು. ಆಮೇಲೆ, ನಾನು ಹೊರಡುವಾಗ, ಸೈಕಲ್ ಹಿಡಿದುಕೊಂಡು ಗೇಟಿನವರೆಗೆ ಬಂದರು.

"ಟೀಚರ್, ಆ ಟ್ರಾಟಿನ ಪದ ಉಂಟಲ್ಲ. ಅದು ಹೇಗೆ ಉಂಟು?"

ಅರ್ಥವಾಗಲಿಲ್ಲ. ಅವರು ಎದೆ ಮುಟ್ಟಿ ತೋರಿಸಿದರು. "ಡ್ರಮ್ಮು ಇಲ್ಲಿ ಗೊತ್ತಾಯಿತು. ಮೇಲಿನದ್ದು ಗೊತ್ತಾಗಲಿಲ್ಲ. ಮೂರು ತಿಂಗಳು ಅದರ ಜೊತೆ ಸುತ್ತಿದೆ. ಒಂದು ಸಲವೂ ಕೇಳಿಲ್ಲ."

ಹೇಳಲು ಬಾಯಿ ತೆರೆದೆ. ತುಳುವಿನಲ್ಲೂ ಆಗಲಿಲ್ಲ.

"ಬರೆದು ಕೊಡಿ. ನಿಮಗೆ ಬರೆದು ಅಭ್ಯಾಸ ಉಂಟು" ಎಂದರು.

೨೩ ಫೆಬ್ರವರಿ, ಮಂಗಳವಾರ

ಎರಡು ಹಾಳೆ ಹರಿದೆ. ಲೆಕ್ಕದ ಟೀಚರಿಗೆ ಇದು ಯಾಕೆ. ಇಲ್ಲೇ ಬರೆದು, ಸರಿ ಬಂದರೆ ನಕಲು ಮಾಡುವುದು.

ಹೆಗ್ಡೆಯವರೆ, ಮೊದಲು ಕ್ಲಾರಿಯೊನೆಟ್ ಒಂದೇ. ತೆಳ್ಳಗೆ. ಬೆಳಿಗ್ಗೆ ಲಾಯದ ಬಾಗಿಲು ತೆಗೆದಾಗ ಒಳಗೆ ಬೀಳುವ ಬೆಳಕಿನ ಹಾಗೆ — ಅಲ್ಲ, ಅದು ಒಮ್ಮೆಲೇ ಬೀಳುತ್ತದೆ, ಇದು ಮೆಟ್ಟಿಲು ಹತ್ತುತ್ತದೆ. ಎರಡು ಮೆಟ್ಟಿಲು ಹತ್ತಿ ಒಂದು ಇಳಿಯುತ್ತದೆ. ಸುಲ್ತಾನ ಟ್ರಾಟಿಗೆ ಹೋಗುವ ಮುಂಚೆ ಮೈಯೆಲ್ಲ ಒಟ್ಟು ಮಾಡಿಕೊಳ್ಳುತ್ತಾನಲ್ಲ, ನಿಮ್ಮ ತೊಡೆಗೆ ಗೊತ್ತಾಗುವುದು, ಅಂಥದ್ದು. ಆಮೇಲೆ ಎರಡನೆಯ ಸಾಲು ಕೆಳಗಿನಿಂದ ಬರುತ್ತದೆ, ನಾವು ಜಡೆಯಲ್ಲಿ ಎದುರುಬದುರು ಬಂದ ಹಾಗೆಯೇ. ಒಂದಕ್ಕೊಂದು ತಾಗುವುದಿಲ್ಲ. ತಾಗುತ್ತದೆ ಎಂದು ಅನಿಸುತ್ತದೆ. ಅಷ್ಟರಲ್ಲಿ ಕಹಳೆ ಸೇರುತ್ತದೆ. ಆಗ ನಿಮ್ಮ ಡ್ರಮ್ಮು ಬರುತ್ತದೆ, ಅಲ್ಲಿಂದ ಮುಂದೆ ನಿಮಗೆ ಗೊತ್ತು.